ರವಿಕೆಯ ಅರಿಶಿಣ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಪಾಪದವಳು ಅಂದುಕೊಳ್ಳುವುದು ಬೇಡ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದೆ, ಕೊನೆಯ ಕೆಲವು ವರ್ಷ ಹೆಡ್‌ಮಿಸ್ಸಾಗಿದ್ದೆ. ಕೆಂಪು ಪೆನ್ನು ಕೈಯಲ್ಲಿಲ್ಲದಿದ್ದರೆ ಮೈಮೇಲೆ ಬಟ್ಟೆಯೇ ಇಲ್ಲವೇನೋ ಅನ್ನಿಸುತ್ತಿತ್ತು. ರಿಟೈರ್ ಆದ ಮೇಲೂ ವ್ಯಾನಿಟಿ ಬ್ಯಾಗಿನಲ್ಲಿ ಅದು ಇದ್ದೇ ಇರುತ್ತಿತ್ತು. ಮದುವೆ ಆಮಂತ್ರಣದಲ್ಲಿ ಕಾಗುಣಿತ ತಪ್ಪಿದ್ದರೆ ತಿದ್ದಿ ಇಟ್ಟುಕೊಳ್ಳುತ್ತಿದ್ದೆ. ತಂಗಿ ನಗುತ್ತಿದ್ದಳು. ನಾನು ಮದುವೆ ಆಗಲಿಲ್ಲ. ಅವಳ ಗಂಡ ತೀರಿಕೊಂಡ ಮೇಲೆ ರಾಮನಗರದ ಮನೆಯಲ್ಲಿ ನಾವಿಬ್ಬರೇ.

ರಿಟೈರ್ ಆದ ವರ್ಷ ನನಗೆ ವಿಪರೀತ ಸುಸ್ತು. ಬೆಳಿಗ್ಗೆ ಎದ್ದರೆ ಆಗಲೇ ಸಾಯಂಕಾಲ ಆದವಳ ಹಾಗೆ. ಊಟ ಸೇರುತ್ತಿರಲಿಲ್ಲ, ಬಳೆಗಳು ಸಡಿಲವಾದವು. ದುಡಿದ ಮೈಗೆ ಒಮ್ಮೆಲೇ ಬಿಡುವು ಸಿಕ್ಕಿದರೆ ಹೀಗೇ ಆಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಆಸ್ಪತ್ರೆಗೆ ಹೋಗೋಣ ಅಂದಳು ತಂಗಿ. ಆಸ್ಪತ್ರೆ ಅಂದರೆ ನನಗೆ ಆಗದು. ನಮ್ಮಮ್ಮ ಸಾಯುವ ಮುಂಚೆ ಎರಡು ತಿಂಗಳು ಆ ವಾಸನೆ ಕುಡಿದಿದ್ದೇನೆ. ಕೊನೆಗೆ ತಂಗಿಯೇ ಯಾರನ್ನೋ ಕೇಳಿ, ಕನಕಪುರ ದಾಟಿ ಉಯ್ಯಂಬಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ಕಾಡಂಚಿನಲ್ಲಿರುವ ಒಂದು ಆಯುರ್ವೇದದ ಜಾಗ ಗೊತ್ತು ಮಾಡಿಕೊಂಡು ಬಂದಳು. ಒಂದು ವಾರ. ಎಣ್ಣೆ ಸ್ನಾನ, ಗಂಜಿ, ಕಷಾಯ, ನಿದ್ದೆ. ನಾನೂ ಬರುತ್ತೇನೆ ಅಕ್ಕ, ನೀನು ಅಲ್ಲಿ ಯಾರ ಮೇಲೂ ರೇಗದ ಹಾಗೆ ನೋಡಿಕೊಳ್ಳಬೇಕಲ್ಲ ಅಂದಳು.

ಜಾಗವೇನೋ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹಿಂದೆ ಕರೀ ಬಂಡೆಯ ಗುಡ್ಡ, ಮುಂದೆ ಬಿದಿರು ಮೆಳೆ, ಹುಣಸೆಮರಗಳ ಕೆಳಗೆ ಹೆಂಚಿನ ಸಣ್ಣ ಸಣ್ಣ ಮನೆಗಳು. ಬೆಳಿಗ್ಗೆ ನವಿಲು ಬಾಗಿಲಿನವರೆಗೂ ಬರುತ್ತಿದ್ದವು. ಸಂಜೆ ಆರರ ಮೇಲೆ ಗೇಟಿನಾಚೆ ಕಾಲಿಡುವ ಹಾಗಿಲ್ಲ, ಆನೆ ಬರುತ್ತದೆ ಅಂತ. ಹೋದ ದಿನವೇ ಆಫೀಸಿನಲ್ಲಿ ಫೋನು ಇಸಿದುಕೊಂಡರು. ಜಗಲಿಯ ಗೋಡೆ ಮೇಲೆ ಮರದ ಹಲಗೆ: ‘ಇಲ್ಲಿ ಕಾಯಿಲೆಯ ಮಾತು ಬೇಡ.’ ಅತಿಥಿಗಳು ತಮ್ಮ ತಮ್ಮ ರೋಗದ ಕತೆ ಹೇಳಿಕೊಂಡು ಮನಸ್ಸು ಕೆಡಿಸಿಕೊಳ್ಳಬಾರದಂತೆ. ಕೆಲಸದವರಂತೂ ಆ ಬಗ್ಗೆ ತುಟಿಪಿಟಕ್ ಅನ್ನಬಾರದು. ಏನಿದ್ದರೂ ಡಾಕ್ಟರಮ್ಮ ಒಬ್ಬರೇ ಮಾತಾಡಬೇಕು. ನನಗೆ ಆ ನಿಯಮ ಬಹಳ ಹಿಡಿಸಿತು. ನಮ್ಮ ಸ್ಕೂಲಿನಲ್ಲಿ ಇಷ್ಟು ಶಿಸ್ತು ತರಲು ನಾನು ಎಷ್ಟು ಒದ್ದಾಡಿದ್ದೆ.

ನಮಗೆ ಎಣ್ಣೆ ತಿಕ್ಕಲು ಬರುತ್ತಿದ್ದವಳು ಆ ಕಡೆಯ ಹಳ್ಳಿಯ ಹೆಂಗಸು, ಮೂವತ್ತು ಮೂವತ್ತೈದು ಇರಬಹುದು. ಮನೆಯಲ್ಲಿ ಕುರಿ ಇತ್ತು ಅಂತ ತಂಗಿ ಅವಳ ಬಾಯಿಂದ ಮೊದಲ ದಿನವೇ ಹೊರಡಿಸಿದ್ದಳು. ಬೆಳಿಗ್ಗೆ ಹಟ್ಟಿ ಕೆಲಸ ಮುಗಿಸಿ ಇಲ್ಲಿಗೆ ಬರುತ್ತಿದ್ದಳಂತೆ. ಬಳೆ ಸದ್ದು ಮಾಡಬಾರದು ಅಂತ ಅವಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ದಪ್ಪ ಹೆಬ್ಬೆರಳು. ಒತ್ತಿದ ಕಡೆ ನೋವು ತಾನಾಗಿ ಬಿಟ್ಟು ಹೋಗುತ್ತಿತ್ತು. ತಂಗಿಗೆ ಅವಳೆಂದರೆ ಪ್ರಾಣ. ನನಗೆ ಮಾತ್ರ ಎಣ್ಣೆಯ ಘಮದ ಕೆಳಗೆ ಇನ್ನೊಂದು ವಾಸನೆ ಬರುತ್ತಿತ್ತು, ಕುರಿಯದು. ಅದು ನನಗೆ ಹೊಸ ವಾಸನೆಯಲ್ಲ. ನಮ್ಮ ತಾತ ಕೂಟಗಲ್ ಕಡೆ ಕುರಿ ಮೇಯಿಸಿದವನು, ಚಿಕ್ಕವಳಿದ್ದಾಗ ನಾನೂ ಅವನ ಕಂಬಳಿಯಲ್ಲಿ ಮಲಗಿದ್ದೇನೆ. ಓದಿ, ಕೆಲಸ ಸಿಕ್ಕಿ, ಆ ವಾಸನೆಯಿಂದ ದೂರ ಬರಲು ನಮ್ಮ ಮನೆಗೆ ಎರಡು ತಲೆಮಾರು ಹಿಡಿಯಿತು. ಈಗ ಅದು ದುಡ್ಡು ಕೊಟ್ಟು ಬಂದ ಜಾಗದಲ್ಲಿ ನನ್ನ ಮೈಮೇಲೇ ಓಡಾಡುತ್ತಿದೆ ಅಂತ ಹೊಟ್ಟೆ ಉರಿಯಿತು.

ಮೂರನೇ ದಿನ ಎಡಗಡೆ, ಕಂಕುಳಿನ ಹತ್ತಿರ, ಎದೆಯ ಅಂಚಿನಲ್ಲಿ ಅವಳ ಕೈ ನಿಂತಿತು. ಒಂದು ಗಳಿಗೆ ಅಷ್ಟೇ. ಮತ್ತೆ ಬೆರಳ ತುದಿಯಿಂದ ಅದೇ ಜಾಗಕ್ಕೆ ಬಂದು, ಬಿಟ್ಟು, ಬೆನ್ನಿಗೆ ಹೋದಳು. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ನಾಲ್ಕನೇ ದಿನದಿಂದ ಅವಳು ಆ ಜಾಗ ಮುಟ್ಟುವುದನ್ನೇ ಬಿಟ್ಟಳು. ಬಲಗಡೆ ಎಷ್ಟು ಸಲ ತಿಕ್ಕುತ್ತಾಳೆ, ಎಡಗಡೆ ಎಷ್ಟು ಸಲ ಅಂತ ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಬಲಗಡೆ ಹನ್ನೆರಡು, ಎಡಗಡೆ ನಾಲ್ಕು. ಕಾಪಿ ಹೊಡೆಯುವ ಹುಡುಗನನ್ನು ಹಿಡಿದಾಗ ಆಗುತ್ತಿದ್ದ ಖುಷಿಯೇ ನನಗೆ ಆಯಿತು. ಕಳ್ಳಾಟ ಆಡುತ್ತಿದ್ದಾಳೆ ಅಂದುಕೊಂಡೆ.

ಐದನೇ ದಿನ ಅವಳು ಮೆಲ್ಲಗೆ ಕೇಳಿದಳು, “ಅಮ್ಮಾವ್ರೆ, ಡಾಕ್ಟ್ರಮ್ಮ ನಿಮ್ ಮೈ ಮುಟ್ಟಿ ನೋಡುದ್ರಾ?”

“ಅದು ನಿನ್ನ ಕೆಲಸ ಅಲ್ಲ,” ಅಂದೆ. “ನಿನ್ನ ಕೆಲಸ ಸರಿಯಾಗಿ ಮಾಡು, ಸಾಕು.”

“ಆಯ್ತು ಬುಡಿ,” ಅಂದಳು.

ಪಕ್ಕದ ಹಲಗೆ ಮೇಲೆ ಮಲಗಿದ್ದ ತಂಗಿ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದಳು. ರೂಮಿಗೆ ಬಂದ ಮೇಲೆ, ಪಾಪ, ಏನೋ ಕಾಳಜಿಯಿಂದ ಕೇಳಿದಳು, ಅಷ್ಟಕ್ಕೇ ಅವಳನ್ನ ತಿಂದುಬಿಟ್ಟೆಯಲ್ಲಕ್ಕ ಅಂದಳು.

ಕೊನೆಯ ದಿನ ಎಣ್ಣೆ ಮುಗಿದು ನಾನು ರವಿಕೆ ಹಾಕಿಕೊಳ್ಳುವ ಮುಂಚೆ ಅವಳು ಪುಟ್ಟ ಬಟ್ಟಲಿನಲ್ಲಿ ಅರಿಶಿಣ ಕಲಸಿಕೊಂಡು ಬಂದು, ಎಡಗಡೆ ಆ ಜಾಗದಲ್ಲಿ ಒಂದು ರೂಪಾಯಿ ಅಗಲದಷ್ಟು ಹಚ್ಚಿದಳು. ಗಟ್ಟಿಯಾಗಿ, ಒತ್ತಿ ಹಚ್ಚಿದಳು.

“ಏನಿದು?”

“ಏನಿಲ್ಲ ಅಮ್ಮಾವ್ರೆ. ಒಸಿ ಅಂಗೇ ಇರ್ಲಿ.”

ಬೇರೆ ಯಾವ ದಿನವೂ ಇಲ್ಲದ ಅರಿಶಿಣ ಇವತ್ತೇಕೆ ಅಂತ ನಾನು ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಕಣ್ಣೆಲ್ಲ ರವಿಕೆ ಮೇಲೆ. ರಿಟೈರ್‌ಮೆಂಟಿಗೆ ಅಂತ ಹೊಲಿಸಿದ್ದ ಬಿಳಿ ರೇಷ್ಮೆ ರವಿಕೆ ಅದು, ನಮ್ಮೂರಿನ ಗೂಡಿನಿಂದ ತೆಗೆದ ನೂಲಿನದು. ಊರಿಗೆ ಹೊರಡುವ ದಿನ ಅಂತ ಹಾಕಿಕೊಂಡಿದ್ದೆ. ರೂಮಿಗೆ ಬಂದು ನೋಡಿದರೆ ಒಳಗಿನ ಅರಿಶಿಣ ಎಣ್ಣೆ ಜೊತೆ ಸೇರಿ ಹೊರಕ್ಕೆ ಬಂದಿತ್ತು. ಕೋಪ ನೆತ್ತಿಗೇರಿತು. ಬಚ್ಚಲಿಗೆ ಹೋಗಿ ಕಡಲೆಹಿಟ್ಟು ಹಾಕಿ ಮೈ ಉಜ್ಜಿ ಉಜ್ಜಿ ತೊಳೆದೆ. ಚರ್ಮ ಕೆಂಪಾಗುವ ತನಕ ತೊಳೆದೆ. ರವಿಕೆಗೆ ಸೋಪು ಹಾಕಿದೆ, ಕಲೆ ಕೆಂಪಗಾಗಿ ಇನ್ನೂ ಕೆಟ್ಟಿತು.

ಅರ್ಧ ಗಂಟೆಯ ಮೇಲೆ ಡಾಕ್ಟರಮ್ಮ ಕೊನೆಯ ಸಲ ನೋಡಲು ಕರೆದರು. ನಾನು ಶುಭ್ರವಾಗಿ, ಬೇರೆ ರವಿಕೆ ಹಾಕಿಕೊಂಡು, ತಲೆ ಬಾಚಿಕೊಂಡು ಹೋದೆ. ಅವರು ನಾಡಿ ಹಿಡಿದರು, ನಾಲಿಗೆ ನೋಡಿದರು, ಮುಖದಲ್ಲಿ ಕಳೆ ಬಂದಿದೆ ಮೇಡಂ ಅಂದರು. ಒಂದು ಡಬ್ಬಿ ಲೇಹ್ಯ ಕೊಟ್ಟರು. ಬರುವಾಗ ಆಫೀಸಿನ ಮೇಜಿನ ಮೇಲೆ ಅತಿಥಿಗಳ ಅಭಿಪ್ರಾಯದ ಪುಸ್ತಕ ಇತ್ತು.

ಬೇಡ ಅಕ್ಕ, ಹೊರಡೋಣ, ಬಸ್ಸು ತಪ್ಪುತ್ತೆ ಅಂದಳು ತಂಗಿ. ನಾನು ಬ್ಯಾಗಿನಿಂದ ಕೆಂಪು ಪೆನ್ನು ತೆಗೆದೆ. ನಿಂತುಕೊಂಡೇ ಬರೆದೆ, ಒಂದು ಅಕ್ಷರ ಹೊಡೆದು ಹಾಕದೆ. ಎಣ್ಣೆ ಹಚ್ಚುವ ಹೆಂಗಸಿನ ಕೈ ಕುರಿವಾಸನೆ ಬರುತ್ತದೆ. ಎಡಭಾಗವನ್ನು ಬೇಕೆಂದೇ ಬಿಡುತ್ತಾಳೆ. ಸಂಬಂಧವಿಲ್ಲದ ಪ್ರಶ್ನೆ ಕೇಳುತ್ತಾಳೆ. ಅರಿಶಿಣ ಮೆತ್ತಿ ಬಟ್ಟೆ ಹಾಳು ಮಾಡಿದ್ದಾಳೆ. ಇಂಥವರನ್ನು ಇಟ್ಟುಕೊಳ್ಳುವುದು ಈ ಜಾಗಕ್ಕೆ ಶೋಭೆಯಲ್ಲ. ಕೆಳಗೆ ಸಹಿ, ಹುದ್ದೆ, ‘ನಿವೃತ್ತ’ ಅಂತ ಆವರಣದಲ್ಲಿ. ಇಷ್ಟು ಅಚ್ಚುಕಟ್ಟಾಗಿ ಬರೆದೆನಲ್ಲ ಅಂತ ಬಸ್ಸಿನಲ್ಲಿ ಕೂತು ಸಮಾಧಾನಪಟ್ಟೆ.

ಐದು ತಿಂಗಳಾಯಿತು. ಲೇಹ್ಯ ಮುಗಿಯಿತು, ಸುಸ್ತು ಮುಗಿಯಲಿಲ್ಲ. ದೊಡ್ಡಮಳೂರಿನಲ್ಲಿ ನೆಂಟರ ಗೃಹಪ್ರವೇಶ ಬಂತು. ಟ್ರಂಕಿನ ತಳದಿಂದ ಆ ರೇಷ್ಮೆ ರವಿಕೆ ಸಿಕ್ಕಿತು. ಸೆರಗಿನ ಕೆಳಗೆ ಕಲೆ ಯಾರಿಗೆ ಕಾಣುತ್ತದೆ ಅಂತ ಹಾಕಿಕೊಂಡೆ. ಕನ್ನಡಿ ಮುಂದೆ ನಿಂತು ಗುಂಡಿ ಹಾಕುತ್ತಾ, ಆ ದರಿದ್ರ ಕಲೆ ಇನ್ನೂ ಎಷ್ಟು ಇದೆ ನೋಡೋಣ ಅಂತ ಅದರ ಮೇಲೆ ಬೆರಳಿಟ್ಟೆ.

ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು. ಹುಣಸೆಬೀಜದಷ್ಟು ಇರಬಹುದು ಅಂದುಕೊಂಡು ಒತ್ತಿದೆ, ಅದಕ್ಕಿಂತ ದೊಡ್ಡದಿತ್ತು. ಕಲೆಯ ನಡುಮಧ್ಯಕ್ಕೆ ಇತ್ತು, ಸ್ವಲ್ಪವೂ ಆಚೆ ಈಚೆ ಇಲ್ಲ. ತಂಗಿ ಹೊರಗಿನಿಂದ ಆಟೋ ಬಂತು ಅಂತ ಕೂಗುತ್ತಿದ್ದಳು. ನಾನು ಮಂಚದ ಮೇಲೆ ಕೂತುಬಿಟ್ಟೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವಂಥದೇ. ಬೆಂಗಳೂರಿನ ದೊಡ್ಡಾಸ್ಪತ್ರೆ, ಸೂಜಿ, ಸ್ಕ್ಯಾನು, ಸಾಲಿನಲ್ಲಿ ಕಾಯುವುದು. ಎಡಗಡೆಯದನ್ನು ಪೂರ್ತಿ ತೆಗೆದರು. ಕಂಕುಳಿಗೂ ಇಳಿದಿತ್ತು. ಔಷಧಿ ಏರಿಸಿದರು, ಕೂದಲು ಹೋಯಿತು, ಬಾಯೆಲ್ಲ ಹುಣ್ಣಾಯಿತು. ನಾಲ್ಕೈದು ತಿಂಗಳ ಮುಂಚೆ ಬಂದಿದ್ದರೆ ಗಂಟಷ್ಟನ್ನೇ ತೆಗೆದು ಬಿಡಬಹುದಿತ್ತಮ್ಮ ಅಂದರು ಡಾಕ್ಟರು. ತಂಗಿ ನನ್ನ ಮುಖ ನೋಡಲಿಲ್ಲ, ಕಿಟಕಿ ನೋಡಿದಳು. ಆಸ್ಪತ್ರೆಗೆ ಹೋಗೋಣ ಅಂತ ಆಗಲೇ ಅಂದಿದ್ದೆನಲ್ಲ ಅಂತ ಒಂದು ಸಲವಾದರೂ ಅವಳು ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಇವತ್ತಿನವರೆಗೂ ಅಂದಿಲ್ಲ.

ಸ್ವಲ್ಪ ಓಡಾಡುವ ಹಾಗೆ ಆದ ಮೇಲೆ ಆ ಜಾಗಕ್ಕೆ ಫೋನು ಮಾಡಿ ಅವಳು ಇದ್ದಾಳಾ ಅಂತ ಕೇಳಿದೆ. “ಇಲ್ಲ ಮೇಡಂ, ನೀವು ಬರೆದಿದ್ದ ವಾರವೇ ತೆಗೆದುಬಿಟ್ಟೆವು. ನಿಮ್ಮಂಥವರ ಅಭಿಪ್ರಾಯ ನಮಗೆ ಮುಖ್ಯ,” ಅಂತು ಆ ಕಡೆಯ ಧ್ವನಿ. ಬಹಳ ವಿನಯವಾಗಿ ಹೇಳಿತು.

ಹಳ್ಳಿಯ ಹೆಸರು ತಂಗಿಗೆ ನೆನಪಿತ್ತು. ಕನಕಪುರದವರೆಗೆ ಬಸ್ಸು, ಅಲ್ಲಿಂದ ಆಟೋ. ನಾನು ಒಬ್ಬಳೇ ಹೋಗುತ್ತೇನೆ ಅಂದೆ. ತಲೆಗೆ ಸ್ಕಾರ್ಫು ಕಟ್ಟಿಕೊಂಡಿದ್ದೆ. ಬ್ಯಾಗಿನಲ್ಲಿ ಅವಳನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಬೇಕು ಅಂತ ನಾನು ಬರೆದ ಪತ್ರ ಇತ್ತು, ಈ ಸಲ ನೀಲಿ ಶಾಯಿಯಲ್ಲಿ.

ಊರಾಚೆ ಹಟ್ಟಿಯಲ್ಲಿ ಅವಳು ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಯಾರು ಬೇಕಾಗಿತ್ತು ಅಂತ ಕೇಳಿ, ಆಮೇಲೆ ಗುರುತು ಹಿಡಿದಳು. ಅವಳು ನನ್ನ ಮುಖ ನೋಡಲಿಲ್ಲ. ಸೆರಗಿನ ಎಡಗಡೆ ನೋಡಿದಳು.

“ತಗ್ಸುಬುಟ್ರಾ?”

“ತೆಗೆದರು.”

“ಲೇಟಾಯ್ತಾ?”

“ಐದು ತಿಂಗಳು.”

ಅವಳು ಕೈಯಲ್ಲಿದ್ದ ಸೊಪ್ಪನ್ನು ಕೆಳಗೆ ಹಾಕಿ ಕಲ್ಲಿನ ಮೇಲೆ ಕೂತಳು. ನನಗೆ ಕೂರಿ ಅನ್ನಲಿಲ್ಲ. ಹಟ್ಟಿಯ ಮೂಲೆಯಲ್ಲಿ ಒಂದು ಕುರಿಯನ್ನು ಬೇರೆ ಕಟ್ಟಿದ್ದರು. ಅದರ ಕೆಚ್ಚಲಿನ ಒಂದು ಕಡೆ ಅರಿಶಿಣ ಹಚ್ಚಿತ್ತು, ಒಂದು ರೂಪಾಯಿ ಅಗಲ. ನಾನು ಅದನ್ನೇ ನೋಡುತ್ತಾ ನಿಂತೆ.

“ಅದ್ಕೆ ಕೆಚ್ಚಲಲ್ಲಿ ಗಂಟಾಗೈತೆ,” ಅಂದಳು. “ಬೆಳಿಗ್ಗೆ ನನ್ ಕೈಗೆ ಸಿಕ್ತು. ನಮ್ ಮಾವ ಮದ್ದಾಕಾಕೆ ಬಂದಾಗ ಎಲ್ಲೈತೆ ಅಂತ ಗೊತ್ತಾಗ್ಬೇಕಲ್ಲ, ಅದ್ಕೆ ಹಚ್ಚಿವ್ನಿ. ಹಟ್ಟೀಲಿ ನಿಂತ್ಕಂಡು ರೋಗದ ಎಸರು ಬಾಯ್ಬುಟ್ಟು ಯೇಳಲ್ಲ ನಾವು. ಅರಿಶಿಣ ಹಚ್ಚಿದ್ರೆ ನೋಡ್ದೋರು ಮುಟ್ಟಿ ನೋಡ್ತಾರೆ.”

“ನನಗೂ ಅದಕ್ಕೇ ಹಚ್ಚಿದ್ದಾ?”

“ಇನ್ಯಾಕೆ? ಬಾಯ್ಬುಟ್ಟು ಯೇಳಂಗಿಲ್ಲ ಅಂತ ಅಲ್ಲಿ ಬೋರ್ಡಾಕವ್ರೆ. ಯೇಳುದ್ರೂ ನೀವು ನನ್ ಮಾತ ಕೇಳೋರಾ? ಡಾಕ್ಟ್ರಮ್ಮ ಕೊನೆ ದಿನ ನೋಡ್ತಾರಲ್ಲ, ಇದೇನ್ ಅರಿಶಿಣ ಅಂತ ಕೇಳ್ತಾರೆ, ಆಗ ಅವ್ರೇ ಮುಟ್ಟಿ ನೋಡ್ತಾರೆ ಅಂತ ಅಂದ್ಕಂಡೆ.”

“ತೊಳೆದುಕೊಂಡು ಹೋದೆ,” ಅಂದೆ. “ಕಡಲೆಹಿಟ್ಟು ಹಾಕಿ ತೊಳೆದುಕೊಂಡು ಹೋದೆ.”

ಅವಳು ಕೆಳಗೆ ಹಾಕಿದ್ದ ಸೊಪ್ಪನ್ನು ಕುರಿಗಳ ಕಡೆಗೆ ತಳ್ಳಿದಳು.

ನಮ್ಮ ತಾತನೂ ಹೀಗೇ ಹಚ್ಚುತ್ತಿದ್ದ. ಅವನ ಸೊಂಟದ ಸಂಚಿಯಲ್ಲಿ ಅರಿಶಿಣದ ಪೊಟ್ಟಣ ಇರುತ್ತಿತ್ತು. ಕುರಿಯ ಕುತ್ತಿಗೆ, ಕಂಕುಳು, ಕೆಚ್ಚಲು ಅಂತ ಕೈ ಆಡಿಸುತ್ತಾ ಹೋಗಿ ಎಲ್ಲೋ ಒಂದು ಕಡೆ ನಿಲ್ಲಿಸಿ ಬೊಟ್ಟಿಡುತ್ತಿದ್ದ. ನೋಡಿದ್ದೇನೆ. ಮರೆತಿದ್ದೆ ಅನ್ನುವುದು ಸುಳ್ಳು; ಮರೆಯಬೇಕು ಅಂತ ಮರೆತಿದ್ದೆ. ಇದನ್ನು ಅವಳಿಗೆ ಹೇಳಿಬಿಟ್ಟೆ, ನಮ್ಮ ತಾತನೂ ಕುರಿ ಸಾಕಿದವನೇ ಕಣಮ್ಮ ಅಂತ.

“ಅಂಗಾರೆ ನಿಮ್ಗೆ ಗೊತ್ತಿರ್ಬೇಕಿತ್ತು,” ಅಂದಳು.

ಅವಳ ಧ್ವನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ. ತಪ್ಪಾಯಿತು ಅಂದೆ. ಜೀವಮಾನದಲ್ಲಿ ನಾನು ಆ ಮಾತನ್ನು ಎಷ್ಟು ಜನರ ಬಾಯಿಂದ ಹೇಳಿಸಿದ್ದೆನೋ, ನಾನು ಹೇಳಿದ್ದು ಅದೇ ಮೊದಲು. ಪತ್ರ ತೆಗೆದು ಕೊಟ್ಟೆ. ಅವಳು ಕೈಗೆ ತೆಗೆದುಕೊಳ್ಳಲಿಲ್ಲ.

“ಬ್ಯಾಡಿ ಅಮ್ಮಾವ್ರೆ. ಇನ್ನ ಏನೂ ಬರಿಬ್ಯಾಡಿ. ನೀವು ಬರ್ದಿದ್ದ ಅವತ್ತು ಎಲ್ಲರನ್ನೂ ನಿಲ್ಲುಸ್ಕಂಡು ಓದುದ್ರು. ಕೈ ಕುರಿವಾಸ್ನೆ ಅಂತ. ದಿನಾ ಮೂರು ದಪ ಸೋಪಾಕಿ ತೊಳ್ಕಂಡು ಬತ್ತಿದ್ದೆ ನಾನು.”

ಅವಳು ತನ್ನ ಕೈಯನ್ನು ಒಮ್ಮೆ ನೋಡಿಕೊಂಡಳು. ಆ ಕೆಲಸದಲ್ಲಿ ಅವಳಿಗೆ ಒಂದು ಹೆಮ್ಮೆ ಇತ್ತು, ಈ ಕೈಗೆ ಏನೋ ಗೊತ್ತು ಅನ್ನುವ ಹೆಮ್ಮೆ. ಅದನ್ನು ನಾನು ನಾಲ್ಕು ಸಾಲಿನಲ್ಲಿ ಮುಗಿಸಿದ್ದೆ.

ನಾನು ಬಂದ ಇನ್ನೊಂದು ಕಾರಣವನ್ನು ಈಗ ಹೇಳಬೇಕಾಯಿತು. ಆಸ್ಪತ್ರೆಯವರು ಬಲಗಡೆಯದನ್ನೂ ನೋಡಿಕೊಳ್ಳುತ್ತಾ ಇರಿ ಅಂದಿದ್ದರು. ನನಗೆ ಮುಟ್ಟಿಕೊಂಡರೆ ಎಲ್ಲವೂ ಗಂಟೇ ಅನ್ನಿಸುತ್ತದೆ, ಏನೂ ಅಲ್ಲ ಅಂತಲೂ ಅನ್ನಿಸುತ್ತದೆ. ಹೆದರಿಕೆಯಿಂದ ನಿದ್ದೆ ಇಲ್ಲ. ನೀನೊಂದು ಸಲ ಕೈಯಿಟ್ಟು ನೋಡುತ್ತೀಯಾ ಅಂತ ಕೇಳಿದೆ.

“ಇಲ್ಲ ಅಮ್ಮಾವ್ರೆ,” ಅಂದಳು. “ನಾನಿನ್ನ ಮನುಸ್ರ ಮೈ ಮುಟ್ಟಾಕಿಲ್ಲ.”

ನಾನು ಹೊರಡಲು ತಿರುಗಿದೆ. ಹಿಂದಿನಿಂದ ಅವಳು, ಬನ್ನಿ ಇಲ್ಲಿ ಅಂದಳು. ಆ ಕುರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ನನ್ನ ಮಣಿಕಟ್ಟು ಹಿಡಿದು, ನನ್ನ ಬೆರಳುಗಳನ್ನು ಅದರ ಕೆಚ್ಚಲಿಗೆ ಒತ್ತಿದಳು. “ತುದಿ ಬೆರಳಲ್ಲಿ ಅಲ್ಲ. ಮೂರು ಬೆರಳು ಮಲುಗ್ಸಿ. ಜೋರಾಗಿ ಬ್ಯಾಡ. ಇದು ಮೆತ್ತಗೈತೆ, ಇದು ಹಾಲಿನ ನರ, ಇದಕ್ಕೆ ಹೆದ್ರಬ್ಯಾಡಿ. ಈಗ ಇಲ್ಲಿ ನೋಡಿ. ಬೆರಳು ತಾನೇ ನಿಂತ್ಕತದೆ. ನಿಂತ್ಕಂಡ್ರೆ ಸುಮ್ನಿರ್ಬ್ಯಾಡಿ.” ನನ್ನ ಬೆರಳಿಗೆ ಅದು ಸಿಕ್ಕುವ ತನಕ ಅವಳು ಕೈ ಬಿಡಲಿಲ್ಲ. ಮೂರು ಸಲ ಮಾಡಿಸಿದಳು. ನಾನು ಮಕ್ಕಳಿಗೆ ಅಷ್ಟು ತಾಳ್ಮೆಯಿಂದ ಯಾವ ಪಾಠವನ್ನೂ ಹೇಳಿಕೊಟ್ಟಿಲ್ಲ.

ಬರುವಾಗ ಬಸ್ಸಿನಲ್ಲಿ ಕೈ ಕುರಿವಾಸನೆ ಬರುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಆಚೆ ಸರಿದಳು. ನಾನು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಅಂದಿನಿಂದ ಪ್ರತಿ ಶುಕ್ರವಾರ ಸ್ನಾನಕ್ಕೆ ಮುಂಚೆ ಮೂರು ಬೆರಳು ಮಲಗಿಸಿ ನೋಡಿಕೊಳ್ಳುತ್ತೇನೆ. ವಾರ ವಾರವೂ ಬೆರಳು ಎಲ್ಲೂ ನಿಲ್ಲದೆ ಹೋಗುತ್ತಿತ್ತು. ಹೋದ ಶುಕ್ರವಾರ ನಿಂತಿತು. ಬಲಗಡೆ, ಕೆಳಗೆ, ಅಂಚಿನಲ್ಲಿ. ಬಹಳ ಸಣ್ಣದು. ಆಸ್ಪತ್ರೆಗೆ ಹೋಗುವ ದಿನಕ್ಕೆ ಇನ್ನೂ ಎರಡು ತಿಂಗಳಿತ್ತು. ಅಡುಗೆಮನೆಗೆ ಹೋಗಿ ಅರಿಶಿಣದ ಡಬ್ಬಿ ತಂದೆ. ನೀರಲ್ಲಿ ಕಲಸಿ, ಆ ಜಾಗ ತಪ್ಪದ ಹಾಗೆ ಒತ್ತಿ ಹಚ್ಚಿದೆ. ತಂಗಿ ಬಾಗಿಲಲ್ಲಿ ನಿಂತು ನೋಡಿದಳು, ಹೋಗಿ ಚಪ್ಪಲಿ ಹಾಕಿಕೊಂಡಳು.

ಸ್ನಾನ ಮಾಡದೆ ಬೆಂಗಳೂರಿನ ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ಹೊಸ ಡಾಕ್ಟರು, ಚಿಕ್ಕ ಹುಡುಗಿ, ಪರದೆ ಎಳೆದು ರವಿಕೆ ಬಿಚ್ಚಲು ಹೇಳಿದಳು. ನೋಡಿ ಹುಬ್ಬು ಗಂಟಿಕ್ಕಿದಳು.

“ಏನಮ್ಮ ಇದು, ಅರಿಶಿಣ?”

“ಅಲ್ಲಿ ಮುಟ್ಟಿ ನೋಡಮ್ಮ,” ಅಂದೆ.